ಹತ್ತು ಗಂಟೆಯ ದಾರಿಗೆ ಐವತ್ತೈದು ನಿಮಿಷದ ಪರೀಕ್ಷೆ

ವಿಮಾನದ ಟಿಕೆಟ್ ಮಾರುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂರುತ್ತಿದ್ದ ಹೆಂಗಸನ್ನು ಬೀದಿಯವರೆಲ್ಲ ಗಡಿಯಾರದಕ್ಕ ಎಂದೇ ಕರೆಯುತ್ತಿದ್ದರು. ಯಾವ ಊರಿಂದ ಯಾವ ಊರಿಗೆ ಎಷ್ಟು ದೂರ, ಎಷ್ಟು ಹೊತ್ತು ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಕಂಪ್ಯೂಟರ್ ಕಣ್ಣು ಬಿಡುವಷ್ಟರಲ್ಲಿ ಅವಳ ಉತ್ತರ ಮುಗಿದಿರುತ್ತಿತ್ತು.

ಒಂದು ಬೆಳಿಗ್ಗೆ ಎದುರು ಸಾಲಿನ ದರ್ಜಿ ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡೇ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತ. ಅರವತ್ತೆಂಟರ ಮನುಷ್ಯ. ಮದುವೆಯಾಗಿ ಸಮುದ್ರದಾಚೆಗೆ ಹೋದ ಅವನ ಅಕ್ಕ, ಈ ಸಲ ಬರಲೇಬೇಕೆಂದು ಪಟ್ಟು ಹಿಡಿದಿದ್ದಳು.

"ಎಷ್ಟು ದೂರ ಆಗುತ್ತಮ್ಮ?"

"ಎಂಟು ಸಾವಿರದ ನೂರು ಕಿಲೋಮೀಟರ್. ಹೋಗೋಕೆ ಹತ್ತು ಗಂಟೆ, ಬರೋಕೆ ಒಂಬತ್ತು."

"ಅದೇ ದಾರಿ ತಾನೇ? ಒಂದು ಗಂಟೆ ಎಲ್ಲಿ ಹೋಯ್ತು?"

"ಬರೋವಾಗ ಗಾಳಿ ಹಿಂದಿಂದ ತಳ್ಳುತ್ತೆ ಯಜಮಾನ್ರೇ."

"ತಳ್ಳೋದು ಒಳಗೆ ಕೂತೋರಿಗೆ ಗೊತ್ತಾಗುತ್ತಾ?"

ಸಾವಿರಾರು ಜನರನ್ನು ವಿಮಾನ ಹತ್ತಿಸಿದ್ದ ಗಡಿಯಾರದಕ್ಕ ತಾನು ಒಮ್ಮೆಯೂ ಹತ್ತಿರಲಿಲ್ಲ. ಮಕ್ಕಳ ಪರೀಕ್ಷೆ, ಅತ್ತೆಯ ಮಂಡಿನೋವು ಎಂದು ಪ್ರತಿ ಸಲ ಒಂದೊಂದು ನೆಪ. ನಿಜ ಹೇಳಬೇಕೆಂದರೆ ಹೆದರಿಕೆ.

"ನಾನು ಹತ್ತಿಲ್ಲ," ಎಂದಳು ಸಣ್ಣ ದನಿಯಲ್ಲಿ.

"ಹಾಗಾದ್ರೆ ನೀವು ಹತ್ತಿ ಬಂದು ಹೇಳಿ. ಆಮೇಲೆ ನೋಡೋಣ," ಎಂದು ದರ್ಜಿ ಎದ್ದುಹೋದ.

ಆ ಮಾತು ಅವಳಿಗೆ ಚುರುಕ್ಕೆಂದಿತು. ಭಾನುವಾರಕ್ಕೆ ಎಲ್ಲಕ್ಕಿಂತ ಹತ್ತಿರದ ಊರಿಗೆ, ಐವತ್ತೈದು ನಿಮಿಷದ ಹಾದಿಗೆ, ತನಗೇ ಒಂದು ಟಿಕೆಟ್ ತೆಗೆದಳು.

"ಅಲ್ಲಿ ನಿನಗೇನೇ ಕೆಲಸ?" ಎಂದ ಗಂಡ.

"ಇಳಿಯೋ ಕೆಲಸ."

ಸೋಮವಾರ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ದರ್ಜಿಯ ಹೊಲಿಗೆ ಯಂತ್ರದ ಮುಂದೆ ನಿಂತಿದ್ದಳು. "ಮೇಲೆ ಏರೋವಾಗ ಕಿವಿ ಕಟ್ಟುತ್ತೆ. ಹೆದರಿ ಪಕ್ಕದೋರ ತೋಳು ಹಿಡ್ಕೊಂಡೆ. ಅವರು ಪಾಪ ನಿದ್ದೆ ಮಾಡ್ತಿದ್ರು, ಬೆಚ್ಚಿಬಿದ್ರು! ಆಮೇಲೆ ಕಿಟಕಿಯಿಂದ ನೋಡಿದ್ರೆ ಮೋಡ ನಮ್ಮ ಕೆಳಗೆ. ಇಳಿಯೋಕೇ ಮನಸ್ಸಾಗಲಿಲ್ಲ ಯಜಮಾನ್ರೇ."

"ಗಾಳಿ?"

"ಒಂದಿಷ್ಟೂ ಗೊತ್ತಾಗಲಿಲ್ಲ."

ದರ್ಜಿ ಕತ್ತರಿ ಕೆಳಗಿಟ್ಟ. "ಸರಿ. ಕಿಟಕಿ ಪಕ್ಕನೇ ಕೊಡಿ."

ಹದಿನೈದು ದಿನಕ್ಕೆಂದು ಹೊರಟವನು ಹನ್ನೆರಡನೆಯ ದಿನ ಫೋನ್ ಮಾಡಿ, ವಾಪಸಿನ ತಾರೀಕನ್ನು ಒಂದು ವಾರ ಮುಂದಕ್ಕೆ ಹಾಕಿಸಿದ. ಮರುವಾರ ಮತ್ತೆ ಒಂದು ವಾರ. ಮೂರನೆಯ ಸಲ ಮಾತಾಡಿದ್ದು ಅವನ ಅಕ್ಕನೇ. "ನೋಡಮ್ಮ, ಇವನನ್ನ ಈಗ್ಲೇ ಕರೆಸ್ಕೋಬೇಡ. ನಮ್ಮನೆ ಪರದೆ ಎಲ್ಲಾ ಬಿಚ್ಚಿ ಹಾಕ್ಕೊಂಡು ಕೂತಿದ್ದಾನೆ. ಅಳತೆ ಸರಿ ಇಲ್ವಂತೆ!"

ಹಿಂದಿನಿಂದ ದರ್ಜಿ ಏನೋ ವಾದಿಸುತ್ತಿದ್ದ. ಅಕ್ಕ ಗದರಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಗಡಿಯಾರದಕ್ಕ ಅವರ ನಗು ನಿಲ್ಲುವವರೆಗೆ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದು, ತಾರೀಕನ್ನು ಒಂದು ತಿಂಗಳು ಮುಂದಕ್ಕೆ ಹಾಕಿದಳು.