ಸೋರದ ಕಟ್ಟ

ಆ ವರ್ಷ ನಮ್ಮ ಕಟ್ಟ ಸೋರಲಿಲ್ಲ. ಐವರ್ನಾಡಿನ ಆ ಮನೆಗೆ ನಾನು ಸೊಸೆಯಾಗಿ ಬಂದ ಮೊದಲ ಬೇಸಗೆ. ಐವತ್ತರ ದಶಕ ಮುಗಿಯುತ್ತಿತ್ತೋ, ಅರವತ್ತು ಕಾಲಿಟ್ಟಿತ್ತೋ, ಹೇಳಲಾರೆ.

ಮಳೆ ಬಿಟ್ಟು ತೋಡಿನ, ಎಂದರೆ ಸಣ್ಣ ಹಳ್ಳದ, ನೀರು ಇಳಿದಾಗ ಕಲ್ಲು, ಸೊಪ್ಪು, ಮಣ್ಣು ಹಾಕಿ ಅಡ್ಡಗಟ್ಟಿ, ನಿಂತ ನೀರನ್ನು ಸುಗ್ಗಿ ಬೆಳೆಯ ಗದ್ದೆಗೆ ತಿರುಗಿಸುವುದು ಅಲ್ಲಿ ಪ್ರತಿವರ್ಷದ ಕೆಲಸ. ಅದೇ ಕಟ್ಟ. ಎಷ್ಟು ಮೆತ್ತಿದರೂ ಅದು ಒಂದು ಕಡೆ ಸೋರುತ್ತಿತ್ತಂತೆ. ಮಾವನಿಗೆ ಅದೊಂದು ಅವಮಾನ. ಆ ಸಲ ಜೇಡಿಮಣ್ಣು ತರಿಸಿ, ತುಳಿಸಿ, ಸಂದುಸಂದಿಗೂ ತುಂಬಿಸಿದರು. ಕಟ್ಟದ ಕೆಳಗೆ ಕೊಕ್ಕರೆಗಳು ಹಿಂಡಾಗಿ ಬಂದು ನಿಂತವು. ಮಾವ ಅದನ್ನೂ ಶುಭವೆಂದೇ ಎಣಿಸಿದರು. ನೀರಿಲ್ಲದೆ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನು ಹೆಕ್ಕಲು ಅವು ಬಂದದ್ದೆಂದು ಯಾರಿಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ತೋಡಿನ ಕೆಳಗಿನ ಮನೆಯ ಹೆಂಗಸು ಬಂದರು. ಅವರ ಮಗಳು ಹೆರಿಗೆಗೆ ಬಂದು, ಹೆತ್ತು, ಇನ್ನೂ ಅಲ್ಲೇ ಇದ್ದಳು. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

"ಈ ಸಲದ ಕಟ್ಟ ಭಾರಿ ಲಾಯ್ಕುಂಟು ಅಣ್ಣ. ಒಂದು ತೊಟ್ಟು ನೀರು ಆಚೆ ಹೋಗುದಿಲ್ಲ."

"ಹೋಗ್ಲಿಕ್ಕೆ ಬಿಟ್ಟರಲ್ವಾ!" ಮಾವ ಹಿಗ್ಗಿದರು.

"ಅದೇ ನಾನೂ ಹೇಳಿದ್ದು. ತೋಡನ್ನೇ ಮನೆಗೆ ಕಟ್ಟಿಕೊಂಡು ಬಂದಿದ್ದೀರಿ ಮಾರಾಯ್ರೆ."

ಮಾವ ನಕ್ಕರು. ಅವರೂ ನಕ್ಕರು. ಎದ್ದು ಹೋದರು.

ಅತ್ತೆ ಮಾತ್ರ ಅವರು ಹೋದ ದಾರಿಯನ್ನೇ ನೋಡುತ್ತಿದ್ದರು. ಆಮೇಲೆ ಮಾವನತ್ತ ತಿರುಗಿದರು. "ಬಾಣಂತಿಗೆ ನೀರು ಹೊಯ್ಯುವ ಹೊತ್ತಿಗೆ ಅವರು ಕಟ್ಟ ಹೊಗಳ್ಲಿಕ್ಕೆ ಬಂದದ್ದಾ?"

"ಮತ್ತೆ ಎಂತಕ್ಕೆ?"

"ಹೊಯ್ಯಲಿಕ್ಕೆ ನೀರಿಲ್ಲ, ಅದಕ್ಕೆ."

ಕೆಳಗಿನ ಮನೆಗೆ ಬಾವಿ ಇರಲಿಲ್ಲ. ತೋಡಿನ ಮರಳಲ್ಲಿ ತೋಡಿದ ಒರತೆಯೇ ಅವರ ನೀರು. ನಮ್ಮ ಕಟ್ಟ ಸೋರಿದ್ದು ಮರಳೊಳಗೆ ಹರಿದು ಅಲ್ಲಿ ಜಿನುಗುತ್ತಿತ್ತು. ನಾವು ನಾಚಿಕೆ ಎಂದುಕೊಂಡದ್ದು ಅವರ ಪಾಲಿನ ನೀರು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ಮಾವ ಬಗ್ಗಿ ಕಟ್ಟದ ಜೇಡಿಮಣ್ಣು ಕೀಳುವುದು, ಸೊಪ್ಪು ಎಳೆದಾಗ ಅದರ ಕೊಳೆತ ವಾಸನೆ, ಮೊದಲ ನೀರಿನ ಜೊತೆಗೇ ಜಾರಿ ಹೋದ ಸಣ್ಣ ಏಡಿ, ಎಲ್ಲವೂ ಕಣ್ಣೆದುರಿಗಿದೆ. ಆದರೆ ಹೊಸ ಸೊಸೆಯನ್ನು ಅಡುಗೆಯ ಹೊತ್ತಿನಲ್ಲಿ ತೋಡಿಗೆ ಕಳಿಸುವವರು ಯಾರು? ಅಡುಗೆಮನೆಯಲ್ಲಿ ನಿಂತು ಕೇಳಿದ್ದನ್ನೇ ನೋಡಿದ್ದೆಂದು ಮಾಡಿಕೊಂಡಿರಬೇಕು. ಮಾವ ಗೊಣಗಿದ್ದಂತೂ ನಿಜ:

"ಸೋರದ ಹಾಗೆ ಕಟ್ಟುದು ಈಗಷ್ಟೇ ಕಲಿತೆ. ಇನ್ನು ಸೋರುವ ಹಾಗೆ ಕಟ್ಟುದು ಯಾರು ಕಲಿಸುದು?"

"ಮೊದಲು ಮಾಡ್ತಾ ಇದ್ದ ಹಾಗೆಯೇ ಮಾಡಿ," ಎಂದರು ಅತ್ತೆ. "ಅದು ನಿಮಗೆ ಚೆನ್ನಾಗಿ ಬರ್ತದೆ."

ಮರುದಿನ ಕೆಳಗಿನ ಬಚ್ಚಲಿನಿಂದ ಹೊಗೆ ಎದ್ದಿತು ಎಂದು ಬರೆದರೆ ಚೆಂದ. ಆದರೆ ನಮ್ಮ ಮನೆಯಿಂದ ಅವರ ಹುಲ್ಲು ಹೊದಿಸಿದ ಮಾಡು ಕೂಡ ಕಾಣುತ್ತಿರಲಿಲ್ಲ. ಕಂಡದ್ದು ಇಷ್ಟು: ಅತ್ತೆ ಹೇಳದೆ ಕೆಳಗೆ ಹೋಗಿದ್ದರು, ಸೀರೆಯ ಅಂಚು ಒದ್ದೆ ಮಾಡಿಕೊಂಡು ಬಂದರು. ಕೈಯಲ್ಲಿ ಮಗುವಿನ ಎಣ್ಣೆಯ ವಾಸನೆ.

"ನೀರು ಬಂತಾ ಅತ್ತೆ?"

"ಬಂತು. ಹಂಡೆ ತುಂಬಿತು."

"ಮಗು ಹೇಗುಂಟು? ಅಜ್ಜಿಯ ಹಾಗೆಯಾ?"

"ಮುಖ ಅಜ್ಜಿಯದ್ದೇ," ಎಂದರು ಅತ್ತೆ, ಸೀರೆಯ ಅಂಚು ಹಿಂಡುತ್ತಾ. "ಆದರೆ ಇದು ಬೇಕಾದ್ದನ್ನು ಬೊಬ್ಬೆ ಹೊಡೆದೇ ಕೇಳ್ತದೆ."