ಸದ್ದಿಲ್ಲದೆ ತಿದ್ದಿದ ಸಾಲು

"ಅಮ್ಮಾ, ಚಿಕ್ಕಪ್ಪಂಗೆ ಯಾರು ಶಿಕ್ಷೆ ಕೊಟ್ಟಿದಾರೆ?"

ಮಗು ಕೇಳಿದ ಮೇಲೆಯೇ ಅವಳು ಒಣಗಿದ ಬಟ್ಟೆಯ ರಾಶಿಯಿಂದ ತಲೆಯೆತ್ತಿದ್ದು. ಮೈದುನ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಮಗುವಿನ ಶಾಲೆಯಲ್ಲಿ ಗಲಾಟೆ ಮಾಡಿದವರನ್ನು ನಿಲ್ಲಿಸುವುದು ಹಾಗೆಯೇ. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು.

"ಯಾರೂ ಕೊಟ್ಟಿಲ್ಲ ಕಂದಾ, ಆಡ್ಕೋ ಹೋಗು."

"ಮತ್ತೆ ಯಾಕೆ ಈ ಕಡೆ ತಿರುಗ್ತಿಲ್ಲ?"

ಅವಳು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಯಾವ ಸ್ವಿಚ್ಚು ಯಾವ ದೀಪದ್ದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಪ್ರತಿಯೊಂದರ ಕೆಳಗೂ ಮೈದುನ ಪುಟ್ಟ ಚೀಟಿ ಅಂಟಿಸಿದ್ದ. ಗೀಸರಿನ ಮೇಲೆ 'ಮೊದಲು ನಲ್ಲಿ, ಆಮೇಲೆ ಇದು' ಎಂದಿತ್ತು. "ಅಮ್ಮನ ಬೆನ್ನಿಗೊಂದು ಅಂಟಿಸೋದು ಬಾಕಿ" ಎಂದು ಅವಳ ಗಂಡ ತಮ್ಮನನ್ನು ಛೇಡಿಸುತ್ತಿದ್ದ. ಕೊನೆಗೆ ಅದೇ ಗುಣ ಅವನಿಗೆ ಅನ್ನ ಕೊಟ್ಟಿತು.

ಜನ ಬರೆದ ಸ್ಕ್ರಿಪ್ಟನ್ನು ಓದಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ತಂತ್ರಾಂಶವೊಂದನ್ನು ಅವನ ಕಚೇರಿಯವರು ಕಟ್ಟುತ್ತಾರೆ. ಅದರ ಹೊಟ್ಟೆಯೊಳಗೆ ಸಿ ಎಂಬ ಕಂಪ್ಯೂಟರ್ ಭಾಷೆಯ ಫಂಕ್ಷನ್‌ಗಳು, ಒಂದೊಂದು ಕೆಲಸಕ್ಕೆ ಒಂದೊಂದರಂತೆ ಕಣ್ಣಿಗೆ ಕಾಣದೆ ದುಡಿಯುವಂಥವು. ಒಂದೊಂದರ ಮೇಲೂ ಇವನು ನಾಲ್ಕು ಸಾಲು ವಿವರಣೆ ಬರೆಯಬೇಕು: ಇದಕ್ಕೆ ಏನು ಕೊಡಬೇಕು, ಇದರಿಂದ ಏನು ಸಿಗುತ್ತದೆ, ಸಿಕ್ಕ ವಸ್ತುವನ್ನು ಕೆಲಸ ಮುಗಿದ ಮೇಲೆ ಅಳಿಸಿಹಾಕಬೇಕೋ ಬೇಡವೋ. "ನಾವು ಹೆರೋದು, ನೀನು ಹೆಸರಿಡೋದು" ಎಂದು ಸಹೋದ್ಯೋಗಿಗಳು ಕಾಲೆಳೆದರೂ ಅವನು ತಲೆ ಕೆಡಿಸಿಕೊಂಡವನಲ್ಲ.

ಅವಳು ಮಡಚಿದ ಬಟ್ಟೆಯ ನೆಪ ಮಾಡಿಕೊಂಡು ಒಳಗೆ ಹೋದಳು.

"ಏನಾಯ್ತೋ? ಮಗು ನೋಡ್ತಿದೆ."

"ಕೆಳಗಿನ ಮನೆ ಟೈಲರಮ್ಮನ ಹತ್ರ ಕೊಡೆ ಇಸ್ಕೊಂಡು ಬಂದ್ರಿ ಅಂದ್ಕೊಳಿ ಅತ್ತಿಗೆ" ಎಂದ, ಗೋಡೆಗೇ ಹೇಳುವವನಂತೆ. "ಕೆಲಸ ಆಯ್ತು ಅಂತ ಅದನ್ನ ಗುಜರಿಗೆ ಹಾಕ್ತೀರಾ?"

"ಹಾಕಿದ್ರೆ ಅವಳು ನನ್ನನ್ನೇ ಹಿಡಿದು ಹೊಲಿದುಬಿಡ್ತಾಳೆ."

"ಹಾಕಿ ಅಂತ ಬರೆದಿದ್ದೆ ನಾನು."

ಅಕ್ಕಪಕ್ಕದ ಎರಡು ಫಂಕ್ಷನ್‌ಗಳು ನೋಡಲು ಅವಳಿ ಮಕ್ಕಳ ಹಾಗಿದ್ದವಂತೆ. ಮೊದಲನೆಯದು ಕೊಡುವ ವಸ್ತು ನಮ್ಮದೇ, ಅಳಿಸಬೇಕು. ಎರಡನೆಯದು ಕೊಡುವುದು ಎರವಲು, ಮುಟ್ಟಬಾರದು. ಇವನು ಎರಡನೆಯದನ್ನು ಬಿಚ್ಚಿ ನೋಡುವ ಗೋಜಿಗೇ ಹೋಗದೆ ಮೊದಲನೆಯದರ ವಿವರಣೆಯನ್ನು ನಕಲು ಮಾಡಿ ಹೆಸರು ಬದಲಿಸಿದ್ದ.

"ತಪ್ಪು ಎಲ್ಲರೂ ಮಾಡ್ತಾರಪ್ಪ. ತಿದ್ದಿದ್ರಾಯ್ತು."

"ತಿದ್ದಿದೆ. ಅದೇ ಈಗ ಉರುಳಾಗಿರೋದು."

ಕಳೆದ ವಾರ ತಪ್ಪು ಅವನ ಕಣ್ಣಿಗೇ ಬಿದ್ದಿತ್ತು. ಯಾರಿಗೂ ಹೇಳದೆ ಆ ಸಾಲನ್ನು ಬದಲಿಸಿ, ಬದಲಾವಣೆಯ ಕಾರಣ ಬರೆಯುವ ಜಾಗದಲ್ಲಿ 'ಸಣ್ಣಪುಟ್ಟ ತಿದ್ದುಪಡಿ' ಎಂದಷ್ಟೇ ಹಾಕಿ ಕೈ ತೊಳೆದುಕೊಂಡಿದ್ದ. ಅಷ್ಟರಲ್ಲಿ ಇನ್ನೆಲ್ಲೋ ಒಂದು ಆಸ್ಪತ್ರೆಯಲ್ಲಿ ಟೋಕನ್ ತೋರಿಸುವ ಪರದೆ ನೋಡಿಕೊಳ್ಳುವ ತಂತ್ರಜ್ಞನೊಬ್ಬ ಹಳೆಯ ಸಾಲನ್ನು ನಂಬಿ ಪ್ರೋಗ್ರಾಂ ಬರೆದುಬಿಟ್ಟಿದ್ದ. ಅದು ಎರವಲು ವಸ್ತುವನ್ನು ಅಳಿಸಿ, ಬೆಳಗಿನ ನೂಕುನುಗ್ಗಲಿನಲ್ಲಿ ಪರದೆ ಸತ್ತಿತು. ಸರದಿಗಾಗಿ ರೋಗಿಗಳು ಕಿತ್ತಾಡಿದರು. "ವಿವರಣೆಯಲ್ಲೇ ಹಾಗಿದೆ ಸಾರ್" ಎಂದು ಆ ತಂತ್ರಜ್ಞ ತನ್ನ ಯಜಮಾನರಿಗೆ ಪುಟ ತೆರೆದು ತೋರಿಸಿದರೆ, ಅಲ್ಲಿ ಈಗ ತದ್ವಿರುದ್ಧ ಇದೆ.

"ತಪ್ಪು ಮಾಡಿದ್ದಲ್ದೆ ಸುಳ್ಳು ಬೇರೆ ಹೇಳ್ತೀಯಾ ಅಂದ್ರಂತೆ. ಸೋಮವಾರದಿಂದ ಬರಬೇಡ ಅಂತಾರೇನೋ ಅಂತ ನಂಗೆ ಮೇಲ್ ಬರೆದಿದಾನೆ. ನನ್ನ ಬೈದೂ ಇಲ್ಲ ಅತ್ತಿಗೆ. 'ಮೊದಲು ಅಲ್ಲಿ ಬೇರೆ ಇತ್ತೇ, ಅಥವಾ ನಾನೇ ತಪ್ಪು ಓದಿದೆನೇ' ಅಂತ ಕೇಳಿದಾನೆ, ಅಷ್ಟೇ."

ಅವಳು ಕೈಲಿದ್ದ ಬಟ್ಟೆಯನ್ನು ಮಂಚದ ಮೇಲಿಟ್ಟಳು. ಬಾಯಿಗೆ ಮೊದಲು ಬಂದದ್ದು ಮೈದುನನ ಚಿಂತೆಯೇ. "ನೀನು ಒಪ್ಕೊಂಡ್ರೆ ನಿನ್ನ ಕೆಲಸ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಬಾಗಿಲ ಸಂದಿಯಲ್ಲಿ ಮಗುವಿನ ಕಣ್ಣು ಕಂಡಿತು. ಪೆನ್ಸಿಲ್ ಮುರಿದದ್ದು ತಾನಲ್ಲ ಎಂದು ಸುಳ್ಳು ಹೇಳಿದ್ದಕ್ಕೆ ನಿನ್ನೆಯಷ್ಟೇ ಮಗುವನ್ನು ಗದರಿದ್ದಳು.

"ಮೊದ್ಲು ಕೂತ್ಕೊ, ಉತ್ತರ ಬರಿ" ಎಂದಳು.

ಅವನು ಬರೆದು ಓದಿ ಹೇಳಿದ. ಉಲ್ಲೇಖ ಎಣಿಕೆ, ಮಾಲೀಕತ್ವದ ವರ್ಗಾವಣೆ, ಹಿಂದಿನ ಆವೃತ್ತಿಯ ಅಸಂಗತತೆ. ಕೊನೆಯಲ್ಲಿ ಒಂದು ವಿಷಾದ.

"ಒಂದಕ್ಷರ ತಿಳೀಲಿಲ್ಲ. ಕೇಳಿದ್ರೆ ತಪ್ಪೆಲ್ಲ ಕಂಪ್ಯೂಟರಿಂದು, ನೀನು ಪಾಪ ಪಕ್ಕದಲ್ಲಿ ನಿಂತಿದ್ದೆ ಅನ್ಸುತ್ತೆ."

ಅವನ ಕಿವಿ ಕೆಂಪಾಯಿತು. ಗೀಸರಿನ ಬಗ್ಗೆ ನಾಲ್ಕೇ ಪದದಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆದವನು ಅವನೇ. ತಲೆ ತಗ್ಗಿಸಿ ಅಷ್ಟನ್ನೂ ಅಳಿಸಿದ. ಮಗು ಮೆಲ್ಲಗೆ ಒಳಬಂದು ಅವನ ಮೊಣಕಾಲಿಗೆ ಒರಗಿತು.

"ಅತ್ತಿಗೆ, ಒಂದು ಉಪಕಾರ ಮಾಡ್ತೀರಾ?" ಮುಖ ಇನ್ನೂ ಕೀಲಿಮಣೆಯ ಮೇಲೇ ಇತ್ತು. "ಈ ಉತ್ತರಾನ ಅವನು ತನ್ನ ಯಜಮಾನರಿಗೆ ತೋರಿಸಬೇಕು, ಅವರಿಗೆ ಸಿ ಬರಲ್ಲ. ನಿಮಗೂ ಬರಲ್ಲ. ನಾನು ಬರೆದದ್ದನ್ನ ನೀವು ಓದ್ತಾ ಹೋಗಿ. ತಪ್ಪು ನಂದು, ಆ ಮನುಷ್ಯ ಓದಿದ್ದು ಸರಿಯಾಗೇ ಇತ್ತು ಅಂತ ನಿಮಗೆ ತಿಳಿಯೋವರೆಗೂ ನನ್ನನ್ನ ಈ ಕುರ್ಚಿಯಿಂದ ಏಳೋಕೆ ಬಿಡಬೇಡಿ."