ಬೇಸಿಗೆಗೆ ನಾನು ಶಿಫಾರಸು ಮಾಡಿದ ಪುಸ್ತಕ

ಚಿಕ್ಕ ಮಕ್ಕಳು ಬೇಸಿಗೆ ರಜೆಯಲ್ಲಿ ಏನು ಓದಬೇಕು ಎಂದು ಯಾರಾದರೂ ಕೇಳಿದರೆ ನನಗೆ ಈಗ ಕಿವಿ ಬಿಸಿಯಾಗುತ್ತದೆ. ಪ್ರಶ್ನೆ ಒಳ್ಳೆಯದೇ, ಕೇಳುವವರೂ ಒಳ್ಳೆಯವರೇ. ಆದರೆ ಒಮ್ಮೆ ಈ ಪ್ರಶ್ನೆಗೆ ನಾನು ಬಹಳ ಧೈರ್ಯವಾಗಿ ಉತ್ತರ ಕೊಟ್ಟಿದ್ದೆ. ಆ ಧೈರ್ಯವನ್ನು ನೆನೆದರೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಹೋಗಿ ನೀರು ಕುಡಿದು ಬರುತ್ತೇನೆ.

ಕೇಳಿದವರು ಇಚಿಲಂಪಾಡಿ ಕಡೆಯ ಒಂದು ಸಣ್ಣ ಶಾಲೆಯ ಮಾಷ್ಟ್ರು. ಮೂರನೇ ತರಗತಿಯವರೆಗೆ ಮಾತ್ರ ಇದ್ದ ಶಾಲೆ. ಮಾಷ್ಟ್ರು ಒಬ್ಬರೇ, ಕೋಣೆಯೂ ಒಂದೇ. ರಜೆ ಸಿಗುವ ದಿನ ಹೆತ್ತವರನ್ನು ಕರೆದು ನಾಲ್ಕು ಮಾತು ಹೇಳುವುದು ಅವರ ಕ್ರಮ. ನಾನು ಆಗ ಪುತ್ತೂರಿನಲ್ಲಿ ಪಾಠ ಹೇಳಿಕೊಂಡಿದ್ದೆ. ಮದರಾಸಿನಲ್ಲಿ ತರ್ಕಶಾಸ್ತ್ರ ಓದಿ ಬಂದವನು ಎಂದು ಊರಿನಲ್ಲಿ ಸ್ವಲ್ಪ ಹೆಸರೂ ಇತ್ತು. "ಮಕ್ಕಳಿಗೆ ಓದಲಿಕ್ಕೆ ಎಂತೆಲ್ಲ ಒಳ್ಳೆದು ಅಂತ ನೀವೇ ಬರ್ದು ಕೊಡಿ. ನಾನು ಹೇಳಿದರೆ ಯಾರೂ ಕೇಳುದಿಲ್ಲ" ಎಂದರು ಮಾಷ್ಟ್ರು. ಒಂದು ಹಾಳೆ ತುಂಬ ಬರೆದುಕೊಟ್ಟೆ. ಎಲ್ಲಕ್ಕಿಂತ ಮೇಲೆ, ಗೆರೆ ಎಳೆದು ಹಾಕಿದ ಹೆಸರು, ಅಂಗಿ ಹೊಲಿಸಲು ಹೊರಟ ಒಂದು ಚಿಪ್ಪುಹಂದಿಯ ಕಥೆಯ ಪುಸ್ತಕದ್ದು. "ಇದನ್ನು ನಾನು ಚಿಕ್ಕವನಿದ್ದಾಗ ಪ್ರತಿ ಬೇಸಿಗೆಯಲ್ಲೂ ಓದುತ್ತಿದ್ದೆ, ನನಗೆ ಓದಿನ ರುಚಿ ಹತ್ತಿಸಿದ್ದೇ ಇದು" ಎಂದು ಪಕ್ಕದಲ್ಲಿ ಬರೆದೆ. ಆ ವಾಕ್ಯವನ್ನು ಬರೆದ ಕೈ ಈಗಲೂ ನನ್ನ ಬಳಿಯೇ ಇದೆ.

ನಿಮಗೆ ಕಥೆ ಗೊತ್ತಿರಲಿಕ್ಕಿಲ್ಲ. ಚಿಪ್ಪುಹಂದಿಯೊಂದು ಮದುವೆಗೆ ಹೋಗಬೇಕೆಂದು ದರ್ಜಿಯ ಬಳಿಗೆ ಬರುತ್ತದೆ. ದರ್ಜಿ ಅಳತೆಪಟ್ಟಿ ಮುಟ್ಟಿಸಿದ ಕೂಡಲೇ ಅದು ಕಚಗುಳಿಯಾಗಿ ಉಂಡೆ ಕಟ್ಟುತ್ತದೆ. ಉಂಡೆಗೆ ಎದೆ ಎಲ್ಲಿ, ತೋಳು ಎಲ್ಲಿ? ದರ್ಜಿ ಕಾಯುತ್ತಾನೆ. ಅದು ಬಿಚ್ಚಿಕೊಳ್ಳುತ್ತದೆ. ಪುನಃ ಮುಟ್ಟುತ್ತಾನೆ, ಪುನಃ ಉಂಡೆ. ಪುಸ್ತಕ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಹೊದಿಕೆಯಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ದರ್ಜಿಯ ಚಿತ್ರ, ಒಳಗೆ ಎಣ್ಣೆ ಕಲೆಯಾದ ಪುಟಗಳು, ಹರಿದು ಹೋದ ಕೊನೆಯ ಪುಟ. ಅಂಟಿನ ವಾಸನೆ ಕೂಡ ನೆನಪಿತ್ತು. ಮದರಾಸಿನಲ್ಲಿ ಹಗ್ಗವನ್ನು ಹಾವೆಂದು ಕಾಣುವ ಭ್ರಮೆಯ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವನು ನಾನು. ಜಗತ್ತಿನ ಎಲ್ಲದರ ಮೇಲೂ ಸಂಶಯಪಡುವುದನ್ನು ಕಲಿತಿದ್ದೆ. ನನ್ನ ನೆನಪನ್ನು ಮಾತ್ರ ಮನೆಯ ಹಿರಿಯರಂತೆ ಪ್ರಶ್ನೆ ಕೇಳದೆ ಕೂರಿಸಿದ್ದೆ.

ಎಪ್ರಿಲ್ ಕಳೆಯುವ ಮೊದಲು ಅದ್ರಾಮಣ್ಣ ನನ್ನ ಬಾಗಿಲಿಗೆ ಬಂದರು. ಕಡಬದ ಪೇಟೆಯಲ್ಲಿ ಗೇರುಬೀಜ, ಕಾಳುಮೆಣಸು ಖರೀದಿ ಮಾಡುವ ಬ್ಯಾರಿ ಮುಸಲ್ಮಾನರು. ಅವರ ಮಗಳು ಐಸಮ್ಮ ಆ ಶಾಲೆಯಲ್ಲಿ ಮೂರನೆಯದು ಮುಗಿಸಿದ್ದಳು.

"ನಿಮ್ಮ ಚಿಪ್ಪುಹಂದಿ ಎಲ್ಲಿಯೂ ಇಲ್ಲ ಮಾರಾಯ್ರೆ" ಎಂದರು, ಕೂರುವ ಮೊದಲೇ. "ಪುತ್ತೂರಿನಲ್ಲಿ ಕೇಳಿದೆ, ಅಂಗಡಿಯವ ನನ್ನನ್ನೇ ನೋಡಿ ನೆಗಾಡಿದ. ಮಂಗಳೂರಿಗೆ ಲಾರಿಯಲ್ಲಿ ಹೋಗುವವನಿಗೂ ಹೇಳಿದೆ. ಅವ ಅಲ್ಲಿ ಕೇಳಿದ್ದಕ್ಕೆ, ಬೇಟೆಯ ಪುಸ್ತಕ ಕೊಡ್ಲಾ ಅಂತ ಕೇಳಿದರಂತೆ."

"ಪಟ್ಟಿಯಲ್ಲಿ ಬೇರೆಯೂ ಉಂಟಲ್ಲ?"

"ಅವಳಿಗೆ ಅದೇ ಆಗಬೇಕು. ದೊಡ್ಡ ಮಾಷ್ಟ್ರು ಚಿಕ್ಕದಿರುವಾಗ ಓದಿದ್ದು ಅಂತ ಶಾಲೆಯಲ್ಲಿ ಓದಿ ಹೇಳಿದ್ದಾರಲ್ಲ. ನಿಮ್ಮ ಪ್ರತಿಯನ್ನೇ ಒಮ್ಮೆ ಕೊಡಿ. ಹಾಳು ಮಾಡ್ಲಿಕ್ಕಿಲ್ಲ."

ಮತ್ತೆ ದನಿ ತಗ್ಗಿಸಿ ವಿಷಯಕ್ಕೆ ಬಂದರು. ನಾಲ್ಕನೆಯದಕ್ಕೆ ಐಸಮ್ಮ ಕಡಬದವರೆಗೆ ನಡೆಯಬೇಕು. ಅದ್ರಾಮಣ್ಣನ ಉಮ್ಮನಿಗೆ, ಎಂದರೆ ತಾಯಿಗೆ, ಅದು ಒಪ್ಪಿಗೆಯಿಲ್ಲ. ಮೂರು ಆಯಿತಲ್ಲ, ಸಾಕು ಎಂದಿದ್ದರು. "ನಾನು ಹೇಳಿದೆ, ಮಗು ಒಂದು ಇಡೀ ಪುಸ್ತಕ ಒಬ್ಬಳೇ ಓದಿ ತೋರಿಸ್ತಾಳೆ, ನೋಡಿ ಮತ್ತೆ ಹೇಳಿ ಅಂತ. ಉಮ್ಮ ಆಗಲಿ ಅಂದಿದ್ದಾರೆ."

ಹುಡುಕಿ ತರುತ್ತೇನೆ ಎಂದು ಅವರನ್ನು ಕಳಿಸಿದೆ. ಸಿಗುತ್ತದೆ ಎಂದೇ ನಂಬಿದ್ದೆ.

ಪುಸ್ತಕ ಇದ್ದರೆ ಐವರ್ನಾಡಿನಲ್ಲಿ ಅಕ್ಕನ ಮನೆಯಲ್ಲಿ ಇರಬೇಕು. ನಮ್ಮ ಹಳೆಯ ಪೆಟ್ಟಿಗೆ ಅವಳ ಅಟ್ಟದಲ್ಲಿತ್ತು. ಹೋದಾಗ ಅಕ್ಕ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ಪೆಟ್ಟಿಗೆಯಲ್ಲಿ ಹಳೆಯ ಪಂಚಾಂಗಗಳು ಮಾತ್ರ ಸಿಕ್ಕಿದವು. ಮೈಯೆಲ್ಲ ಧೂಳಾಗಿ ಇಳಿದು ಬಂದು ಕೇಳಿದೆ. ಅಕ್ಕ ಹಪ್ಪಳ ಮಗುಚುತ್ತಲೇ ಉತ್ತರ ಕೊಟ್ಟಳು. ಅವಳು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಹೇಳಿದ್ದನ್ನು ನಾನು ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಈ ಚಾಳಿಯೇ ಎಲ್ಲ ಅನರ್ಥಕ್ಕೂ ಮೂಲ ಎಂದು ಆಮೇಲೆ ಗೊತ್ತಾಯಿತು.

"ಯಾವ ಪುಸ್ತಕ? ಅದು ದೊಡ್ಡವ್ವ ಹೇಳುತ್ತಿದ್ದ ಕಥೆ ಅಲ್ಲವಾ?"

ದೊಡ್ಡವ್ವ ಎಂದರೆ ಅಮ್ಮನ ಅಕ್ಕ. ಬೇಸಿಗೆಯಲ್ಲಿ ನಮ್ಮಲ್ಲಿಗೆ ಹಪ್ಪಳ ಮಾಡಲು ಬರುತ್ತಿದ್ದರು. ಮಕ್ಕಳ ಕೆಲಸ ಕಾಗೆ ಓಡಿಸುವುದು. ಮಧ್ಯಾಹ್ನದ ಬಿಸಿಲಿಗೆ ನಮಗೆ ತೂಕಡಿಕೆ ಬರುತ್ತಿತ್ತು. ನಾವು ಮಲಗಬಾರದೆಂದು ಅವರು ಕಥೆ ಹೇಳುತ್ತಿದ್ದರಂತೆ.

"ಇಲ್ಲ, ನಾನು ಓದಿದ್ದೇನೆ. ಕೊನೆಯ ಪುಟ ಹರಿದಿತ್ತು" ಎಂದೆ.

"ಎಂತ ಹರಿದದ್ದು? ದರ್ಜಿ ಕಾಯುವಲ್ಲಿಗೆ ಬರುವಾಗ ಹಪ್ಪಳ ಮಗುಚುವ ಹೊತ್ತಾಗುತ್ತಿತ್ತು, ಅವರು ಎದ್ದು ಹೋಗುತ್ತಿದ್ದರು. ಮರುದಿನ ಪುನಃ ಮೊದಲಿಂದ. ಕೊನೆ ಅವರು ಹೇಳಲೇ ಇಲ್ಲ."

ನಾನು ಸೋಲಲಿಲ್ಲ. ನೆನಪು ಮೋಸ ಮಾಡುವುದಾದರೆ ಅಕ್ಕನ ನೆನಪೂ ಮಾಡಬಹುದಲ್ಲ ಎಂದು ವಾದ ಹೂಡಿದೆ. ದರ್ಜಿಯ ಕನ್ನಡಕವನ್ನು ವರ್ಣಿಸಿದೆ. ಪಂಜದ ಪೇಟೆಯಲ್ಲಿ ನನಗೆ ಮೊದಲ ಅಂಗಿ ಹೊಲಿದವನದೇ ಆ ಕನ್ನಡಕ ಎಂದಳು. ಅಂಟಿನ ವಾಸನೆ ಎಂದೆ. ಅವಳು ಹಲಸಿನ ಹಿಟ್ಟು ಮೆತ್ತಿದ ಕೈಯನ್ನು ನನ್ನ ಮೂಗಿನ ಹತ್ತಿರ ತಂದಳು. ಅದೇ ವಾಸನೆ.

"ಪುಸ್ತಕ ಇದ್ದಿದ್ದರೆ ನಾನೇ ಮೊದಲು ಓದುತ್ತಿದ್ದೆ" ಎಂದಳು ಅಕ್ಕ. "ನನಗೆ ಆಗ ಓದಲಿಕ್ಕೆ ಬರುತ್ತಿತ್ತು."

ಅವಳನ್ನು ಶಾಲೆ ಬಿಡಿಸಿದ್ದು ಮೂರನೆಯದಕ್ಕೇ. ಮೂರು ಸಾಕು ಎಂಬ ಮಾತು ನಮ್ಮ ಮನೆಯಲ್ಲೂ ಆಡಿದ್ದೇ. ಅಕ್ಷರಗಳು ಉಪಯೋಗವಿಲ್ಲದೆ ಅವಳಿಂದ ಯಾವಾಗ ಬಿಟ್ಟುಹೋದವೋ, ನಾನು ಕೇಳಿದವನಲ್ಲ.

ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ನಮ್ಮ ಕಡೆಯವರದು ಒಂದು ವಿಚಿತ್ರ ಬದುಕು. ಮನೆಯಲ್ಲಿ ಜಗಳ ಅರೆಭಾಷೆಯಲ್ಲೋ ಬ್ಯಾರಿಯಲ್ಲೋ, ಮೀನು ಖರೀದಿ ತುಳುವಿನಲ್ಲಿ, ಅರ್ಜಿ ಮಾತ್ರ ಕನ್ನಡದಲ್ಲಿ. ಓದಿ ದೊಡ್ಡವರಾದ ಮೇಲೆ ಮನಸ್ಸು ಹಳೆಯದನ್ನೆಲ್ಲ ಕೂತು ಕನ್ನಡಕ್ಕೆ ತಿರುಗಿಸುತ್ತದೆ ಎಂದು ಕಾಣುತ್ತದೆ. ಕನ್ನಡದಲ್ಲಿ ನೆನಪಾದ ಕಥೆಯನ್ನು ಕನ್ನಡದಲ್ಲಿ ಓದಿರಲೇಬೇಕು ಎಂದುಕೊಳ್ಳುವುದು ಸುಲಭ, ಏಕೆಂದರೆ ಆ ಅಂಗಳದಲ್ಲಿ ಕನ್ನಡ ಮಾತಾಡುವವರೇ ಇರಲಿಲ್ಲ. ಹಾಗೆ ದೊಡ್ಡವ್ವನನ್ನು ಅಂಗಳದಿಂದ ಎಬ್ಬಿಸಿ, ಅವರ ಜಾಗದಲ್ಲಿ ಒಂದು ಅಚ್ಚಾದ ಪುಸ್ತಕ ಇಟ್ಟುಕೊಂಡಿದ್ದೆ. ಪುಸ್ತಕ ಹೆಚ್ಚು ಮರ್ಯಾದೆಯದು ಎಂದು ಒಳಗೆ ಎಲ್ಲೋ ಅನಿಸಿರಬೇಕು. ವಿದ್ಯೆ ಇಷ್ಟು ನಾಜೂಕಾಗಿ ಕೃತಘ್ನತೆ ಕಲಿಸುತ್ತದೆ ಎಂದು ಯಾವ ಪ್ರೊಫೆಸರೂ ಹೇಳಿರಲಿಲ್ಲ.

ಇಚಿಲಂಪಾಡಿಗೆ, ಅದ್ರಾಮಣ್ಣನ ಮನೆಗೇ ಹೋಗಿ ನಿಜ ಹೇಳಿದೆ. ಹೇಳಿದವನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಪಶ್ಚಾತ್ತಾಪದಲ್ಲಿಯೂ ಸ್ವಲ್ಪ ಮೆರೆಯುವ ಆಸೆ. ಪುಸ್ತಕ ಇಲ್ಲದಿದ್ದರೇನು, ಹೇಳುವ ಕಥೆಯೇ ದೊಡ್ಡದು ಎಂದು ಐಸಮ್ಮನನ್ನು ಕೂರಿಸಿ ತುಳುವಿನಲ್ಲಿ ಚಿಪ್ಪುಹಂದಿಯ ಕಥೆ ಶುರು ಮಾಡಿದೆ. ಅವಳು ಬಾಗಿಲಿಗೆ ಒರಗಿ ಶಾಂತವಾಗಿ ಕೇಳಿದಳು. ಮತ್ತೆ ಶಾಲೆಯ ಕನ್ನಡದಲ್ಲಿ ಹೇಳಿದಳು:

"ಕಥೆ ಅಜ್ಜಿ ತುಂಬ ಹೇಳ್ತಾರೆ. ನನಗೆ ಓದಲಿಕ್ಕೆ ಬೇಕಾದದ್ದು."

ಒಳಗಿನಿಂದ ಅಜ್ಜಿ ಬ್ಯಾರಿಯಲ್ಲಿ ಏನೋ ಹೇಳಿದರು. ಅದ್ರಾಮಣ್ಣ ಅದನ್ನು ನನಗೆ ಹೇಳಲು ಹಿಂಜರಿದರು. ಆಮೇಲೆ ಹೇಳಿದರು: "ಇಲ್ಲದ ಪುಸ್ತಕ ಓದ್ಲಿಕ್ಕೆ ಇಷ್ಟು ದೂರದ ಶಾಲೆ ಯಾಕೆ ಅಂತ ಕೇಳ್ತಾರೆ."

ಆ ವಾರವಿಡೀ ನಾನು ಪುತ್ತೂರಿನ ಕೋಣೆಯಲ್ಲಿ ಕೂತು ಚಿಪ್ಪುಹಂದಿಯನ್ನು ಬರೆದೆ. ಪ್ರೌಢ ಪ್ರಬಂಧಗಳನ್ನು ಒಂದೇ ಸಲ ಕೂತು ಮುಗಿಸಿದವನಿಗೆ 'ಒಂದು ಕಾಡಿನಲ್ಲಿ' ಎಂಬಲ್ಲಿಂದ ಮುಂದೆ ಹೋಗಲು ಬೆವರಿತು. 'ತದನಂತರ' ಎಂದು ಬರೆಯುವುದು, ಐಸಮ್ಮನ ಮುಖ ನೆನೆದು ಹೊಡೆದುಹಾಕುವುದು. ದರ್ಜಿ ಎರಡನೇ ಪುಟದಲ್ಲೇ ನನ್ನ ಹಾಗೆ ಉಪನ್ಯಾಸ ಕೊಡತೊಡಗಿದ. ಅವನ ಬಾಯಿ ಮುಚ್ಚಿಸಿದೆ. ಕೊನೆಯೂ ಇರಲಿಲ್ಲವಲ್ಲ. ಚಿಪ್ಪುಹಂದಿ ನಿದ್ದೆ ಹೋದಾಗ ಹೊರಗೆ ಉಳಿದದ್ದು ಬಾಲ ಮಾತ್ರ, ದರ್ಜಿ ಬಾಲಕ್ಕೆ ಮಾತ್ರ ಒಂದು ಅಂಗಿ ಹೊಲಿದ, ಅದನ್ನೇ ತೊಟ್ಟು ಅದು ಮದುವೆಗೆ ಹಿಮ್ಮುಖವಾಗಿ ನಡೆದು ಹೋಯಿತು ಎಂದು ಮಾಡಿದೆ. ದಪ್ಪ ಅಕ್ಷರದಲ್ಲಿ ನಕಲು ಮಾಡಿ, ಸಕ್ಕರೆ ಕಟ್ಟಿದ ಕಾಗದದ ರಟ್ಟು ಹಾಕಿ, ನೂಲಿನಿಂದ ಹೊಲಿದೆ. ನೋಡಲು ಯಾವ ಕೋನದಿಂದಲೂ ಪುಸ್ತಕದಂತೆ ಇರಲಿಲ್ಲ.

ಐಸಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅಜ್ಜಿಯ ಎದುರು ಚಾಪೆಯಲ್ಲಿ ಕೂತಳು. ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೆ. ಹಾಗಾಗಿ ಒಂದು ವಾಕ್ಯ ಓದುವುದು, ತಲೆ ಎತ್ತಿ ಅದನ್ನು ಬ್ಯಾರಿಯಲ್ಲಿ ಹೇಳುವುದು. ಮನೆಮಾತನ್ನು ಕನ್ನಡಕ್ಕೆ ತಿರುಗಿಸಿ ನಾನು ಕದ್ದು ಮಾಡಿದ್ದನ್ನು ಆ ಮಗು ಎಲ್ಲರೆದುರು, ಯಾರದ್ದು ಎಲ್ಲಿಂದ ಬಂತು ಎಂದು ಕಾಣುವ ಹಾಗೆ, ಹಿಂದು ಮುಂದಾಗಿ ಮಾಡುತ್ತಿತ್ತು. ಎರಡು ಕಡೆ ತಡವರಿಸಿದಳು. ಎರಡೂ ನನ್ನ ತಪ್ಪು. ಒತ್ತಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ. ದರ್ಜಿ ಕಾಯುವಲ್ಲಿ ಅಜ್ಜಿ ಎಲೆಯಡಿಕೆಯ ಕವಳ ಜಗಿಯುವುದನ್ನು ನಿಲ್ಲಿಸಿದರು. ಬಾಲದ ಅಂಗಿ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಮಗನ ಹತ್ತಿರ ಏನೋ ಉದ್ದಕ್ಕೆ ಹೇಳಿದರು.

ಅದ್ರಾಮಣ್ಣ ನನ್ನ ಕಡೆ ತಿರುಗಿದರು. "ಇಂಥದ್ದು ಇನ್ನೂ ಉಂಟಾ ಅಂತ ಕೇಳ್ತಾರೆ. ಮಾಷ್ಟ್ರ ಪುಸ್ತಕ ಮುಗಿಯುವವರೆಗೆ ಇವಳು ಕಡಬಕ್ಕೆ ಹೋಗ್ಲಿ ಅಂತೆ. ಮುಗಿದ ದಿನ ನೋಡುವ ಅಂತೆ."

ಐಸಮ್ಮ ನನ್ನನ್ನೇ ನೋಡುತ್ತಿದ್ದಳು. ನನ್ನ ಬಳಿ ಬೇರೆ ಪುಸ್ತಕ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ತುಂಬ ಉಂಟು" ಎಂದೆ.

ನೆನಪಿನ ಮೇಲೆ ಕೈಯಿಟ್ಟು ಹೇಳಿದ ಮಾತು ಸುಳ್ಳಾಗಿತ್ತು. ಈ ಮಾತು ಹೇಳುವಾಗಲೇ ಸುಳ್ಳೆಂದು ಗೊತ್ತಿತ್ತು. ಅವಳು ಈಗ ಆರನೆಯದಕ್ಕೆ ಬಂದಿದ್ದಾಳೆ. ಒಂದೊಂದೇ ಬರೆದು, ಹೊಲಿದು, ಇನ್ನೂ ಅದು ಸುಳ್ಳಾಗದಂತೆ ನೋಡಿಕೊಂಡಿದ್ದೇನೆ.